ಮೊದಲ ಮರಗೆಲಸವಾಗಿ ಕೆಲಸದ ಮೇಜು: ದಾವಣಗೆರೆ–ಚಿತ್ರದುರ್ಗ ಸೀಮೆಯವರು ಯಾವ ಮರ, ಯಾವ ಕಟ್ಟು ಆರಿಸಬೇಕು?

ಮರಗೆಲಸವನ್ನು ಹೊಸದಾಗಿ ಕಲಿಯಲು ಹೊರಟವರು ಸಾಮಾನ್ಯವಾಗಿ ಸ್ಟೂಲನ್ನೋ ಪುಸ್ತಕದ ಕಪಾಟನ್ನೋ ಮೊದಲಿಗೆ ಕೈಗೆತ್ತಿಕೊಳ್ಳುತ್ತಾರೆ. ಅವೆರಡಕ್ಕೂ ಮೊದಲು ಕೆಲಸದ ಮೇಜೊಂದನ್ನು ಕಟ್ಟಿಕೊಳ್ಳಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಹತ್ತರಿ (ಮರದ ಮೈಯನ್ನು ಹೆರೆದು ನಯಮಾಡುವ ಉಪಕರಣ) ಹೊಡೆಯುವಾಗ ಹಲಗೆ ಮುಂದಕ್ಕೆ ಜಾರುತ್ತದೆ, ಗರಗಸ ಎಳೆಯುವಾಗ ಅದು ಮೇಲೆದ್ದು ನಡುಗುತ್ತದೆ, ಉಳಿಯ ಮೇಲೆ ಕೊಡತಿಯ ಪೆಟ್ಟು ಬಿದ್ದಾಗ ಕೆಳಗಿನ ಆಸರೆ ಕುಣಿದರೆ ಪೆಟ್ಟಿನ ಬಲ ಅಲ್ಲಿಯೇ ಸೋರಿಹೋಗುತ್ತದೆ. ಈ ಮೂರನ್ನೂ ತಡೆಯುವ ಆಸರೆ ಇಲ್ಲದೆ ಊಟದ ಮೇಜಿನ ಮೇಲೋ ಮಹಡಿಯ ಮೆಟ್ಟಿಲಿನ ಮೇಲೋ ಕೆಲಸ ಆರಂಭಿಸಿದವರು, ತಮ್ಮ ಕೈಗೇ ಈ ವಿದ್ಯೆ ಒಲಿಯದೆಂದು ತಿಳಿದು ಉಪಕರಣಗಳನ್ನು ಮೂಲೆಗಿಡುವುದುಂಟು.

ಮೇಜನ್ನು ಯಾವುದರಿಂದ ಮತ್ತು ಹೇಗೆ ಕಟ್ಟಬೇಕೆಂಬುದಕ್ಕೆ ಎಲ್ಲ ಊರಿಗೂ ಹೊಂದುವ ಒಂದೇ ಉತ್ತರವಿಲ್ಲ. ಓಕ್, ಬೀಚ್, ಮೇಪಲ್ ಮರಗಳನ್ನು ಸೂಚಿಸುವ ಹೊರದೇಶದ ನಕ್ಷೆಗಳನ್ನು ಹಿಡಿದುಕೊಂಡು ದಾವಣಗೆರೆಯ ಸಾಮಿಲ್ಲಿಗೆ ಹೋದರೆ ಪ್ರಯೋಜನವಾಗದು. ಇಲ್ಲಿ ಸಿಗುವ ಮರ ಬೇರೆ, ಇಲ್ಲಿನ ಬಿಸಿಲು ಬೇರೆ, ಗೆದ್ದಲಿನ ಕಾಟವೂ ಬೇರೆ. ಆದ್ದರಿಂದ ಈ ಎರಡು ಜಿಲ್ಲೆಗಳಲ್ಲಿ ನಿಜವಾಗಿ ಕೈಗೆಟಕುವ ಆಯ್ಕೆಗಳನ್ನು ಮಾತ್ರ ಇಲ್ಲಿ ಹೋಲಿಸಿದ್ದೇನೆ. ನನ್ನ ಒಲವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಹಳೆಯ ಮನೆಯ ತೊಲೆಗಳಿಂದ ಮಾಡಿದ ಕಾಲು ಮತ್ತು ಅಡ್ಡಪಟ್ಟಿ, ಎರಡು ಪದರ ಪ್ಲೈವುಡ್ಡಿನ ಮೇಲ್ಭಾಗ, ನಟ್ಟು–ಬೋಲ್ಟುಗಳ ಜೋಡಣೆ. ಹೊಸಬರಲ್ಲಿ ಹೆಚ್ಚಿನವರಿಗೆ ಇದೇ ಸರಿಹೊಂದುತ್ತದೆ. ಎಲ್ಲರಿಗೂ ಹೊಂದುತ್ತದೆಂದು ಹೇಳಲಾರೆ. ಯಾರಿಗೆ ಹೊಂದದು, ಅವರಿಗೆ ಯಾವುದು ಲೇಸು ಎಂಬುದನ್ನು ಮುಂದೆ ವಿವರಿಸಿದ್ದೇನೆ.

ನೆಲವೇ ಸಾಕೇ, ಮೇಜು ಬೇಕೇ?

ನಮ್ಮ ಆಚಾರ್ರು ತಲೆಮಾರುಗಳಿಂದ ನೆಲದ ಮೇಲೆ ಕುಳಿತೇ ನೇಗಿಲು, ಕೂರಿಗೆ, ಗಾಡಿಯ ಚಕ್ರ, ಬಾಗಿಲಿನ ಚೌಕಟ್ಟು ಎಲ್ಲವನ್ನೂ ಮಾಡುತ್ತಾ ಬಂದಿದ್ದಾರೆ. ಅಂಗಾಲಿನಿಂದ ಹಲಗೆಯನ್ನು ಅದುಮಿ, ಕಾಲಿನ ಹೆಬ್ಬೆರಳಿನಿಂದ ಅದರ ಅಂಚನ್ನು ಹಿಡಿದು, ಎರಡೂ ಕೈಗಳನ್ನು ಉಪಕರಣಕ್ಕೆ ಬಿಟ್ಟುಕೊಡುವ ಆ ಪದ್ಧತಿ ಪೂರ್ಣವಾದ ಒಂದು ವಿದ್ಯೆ. ಎರಡಡಿಗಿಂತ ಚಿಕ್ಕ ತುಂಡುಗಳ ಮೇಲೆ ಉಳಿ ಕೆಲಸ ಮಾಡುವವರಿಗೆ, ಕೆತ್ತನೆಯಲ್ಲಿ ಆಸಕ್ತಿಯಿರುವವರಿಗೆ, ನೆಲದ ಮೇಲೆ ಗಂಟೆಗಟ್ಟಲೆ ಕುಳಿತುಕೊಳ್ಳುವ ಅಭ್ಯಾಸವಿರುವವರಿಗೆ ಮೇಜಿನ ಅಗತ್ಯವೇ ಬೀಳದಿರಬಹುದು. ಆದರೆ ದಿನವಿಡೀ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡಿ, ಭಾನುವಾರ ಮಾತ್ರ ಗರಗಸ ಹಿಡಿಯುವವರ ಮೊಣಕಾಲು ಮತ್ತು ಸೊಂಟ ಇದಕ್ಕೆ ಬಾಗುವುದಿಲ್ಲ. ಹರಿತವಾದ ಉಳಿಯ ದಾರಿಯಲ್ಲಿ ತಮ್ಮದೇ ಪಾದವನ್ನಿಟ್ಟುಕೊಳ್ಳುವುದು ಪಳಗಿದ ಕೈಗಳಿಗೆ ಮಾತ್ರ ಸುರಕ್ಷಿತ.

ಇವೆರಡರ ನಡುವೆ ಇನ್ನೊಂದು ದಾರಿಯಿದೆ. ಹದಿನೆಂಟು ಇಂಚು ಎತ್ತರದ, ನಾಲ್ಕೈದು ಅಡಿ ಉದ್ದದ, ಎರಡು ಇಂಚಿಗೆ ಕಡಿಮೆಯಿಲ್ಲದ ದಪ್ಪ ಹಲಗೆಯ ಕಿರುಬೆಂಚು ಮಾಡಿಕೊಂಡು, ಅದರ ಮೇಲೆ ಕಾಲು ಆಚೀಚೆ ಹಾಕಿ ಕುಳಿತರೆ ಮೈಭಾರವೇ ಮರವನ್ನು ಹಿಡಿಯುತ್ತದೆ. ಬಾಡಿಗೆ ಮನೆಯಲ್ಲಿ ಮೇಲಿನ ಮಹಡಿಯಲ್ಲಿರುವವರಿಗೆ, ವರ್ಷ ವರ್ಷ ಮನೆ ಬದಲಾಯಿಸುವವರಿಗೆ ನಾನು ಸೂಚಿಸುವುದು ಇದನ್ನೇ. ಕೆಲಸವಿಲ್ಲದಾಗ ಅದು ಪಡಸಾಲೆಯಲ್ಲಿ ಕೂರುವ ಬೆಂಚಾಗಿಯೂ ಉಪಯೋಗಕ್ಕೆ ಬರುತ್ತದೆ.

ಹಳೆಯ ಮರಮುಟ್ಟು

ಬಯಲುಸೀಮೆಯ ಹಳ್ಳಿಗಳಲ್ಲಿ ಮಾಳಿಗೆ ಮನೆಗಳನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟುವ ಕೆಲಸ ಬಹಳ ಕಾಲದಿಂದ ನಡೆದಿದೆ. ಮಣ್ಣಿನ ಮಾಳಿಗೆಯ ಭಾರವನ್ನು ಹೊತ್ತಿದ್ದ ಕಂಬ, ತೊಲೆ, ಜಂತೆಗಳೆಲ್ಲ ಆಗ ಹೊರಬರುತ್ತವೆ. ಕೆಲವನ್ನು ಮನೆಯವರೇ ಹಿತ್ತಲಲ್ಲಿ ಒಟ್ಟಿಟ್ಟಿರುತ್ತಾರೆ, ಉಳಿದವು ಹಳೆಯ ಬಾಗಿಲು–ಕಿಟಕಿಗಳ ಜೊತೆ ಹಳೇ ಮರಮುಟ್ಟು ಮಾರುವವರ ಕೈ ಸೇರುತ್ತವೆ. ಅನುಕೂಲಸ್ಥರ ಮನೆಯಾಗಿದ್ದರೆ ತೇಗ, ಹೊನ್ನೆ, ಮತ್ತಿ. ಸಾಧಾರಣ ಮನೆಯಾಗಿದ್ದರೆ ಬೇವು, ಜಾಲಿ. ಕೆಲಸದ ಮೇಜಿಗೆ ಇವುಗಳಲ್ಲಿ ಯಾವುದಾದರೂ ಆದೀತು.

ಈ ಮರದ ದೊಡ್ಡ ಗುಣವೆಂದರೆ ಅದು ಒಣಗಿ ಮುಗಿದಿರುವುದು. ಹೊಸದಾಗಿ ಕೊಯ್ದ ಹಲಗೆಯನ್ನು ಗಾಳಿಯಲ್ಲಿ ಒಣಗಿಸಲು ಪ್ರತಿ ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಹಿಡಿಯುತ್ತದೆಂಬುದು ಬಡಗಿಗಳೆಲ್ಲ ಒಪ್ಪುವ ಲೆಕ್ಕ. ನಾಲ್ಕು ಇಂಚು ಚೌಕದ ಕಾಲಿಗೆ ಬೇಕಾದ ಹಸಿಮರವನ್ನು ಇಂದು ಕೊಯ್ಸಿದರೆ ಅದು ಹದವಾಗುವ ಹೊತ್ತಿಗೆ ಕಲಿಯುವ ಉತ್ಸಾಹವೇ ಆರಿಹೋಗಬಹುದು. ದಶಕಗಳ ಕಾಲ ಮಾಳಿಗೆಯ ಕೆಳಗಿದ್ದ ತೊಲೆ ತಿರುಚುವುದಿದ್ದರೆ ಎಂದೋ ತಿರುಚಿ ಮುಗಿದಿರುತ್ತದೆ; ಇನ್ನು ಮುಂದೆ ಅದು ಹೆಚ್ಚು ಅಲುಗದು.

ಆದರೆ ಕಣ್ಣುಮುಚ್ಚಿ ಕೊಳ್ಳುವ ಸರಕಲ್ಲ ಇದು. ತೊಲೆಯ ಎರಡು ತುದಿಗಳನ್ನು ಮೊದಲು ನೋಡಬೇಕು. ಗೋಡೆಯೊಳಗೆ ಹುದುಗಿದ್ದ ಒಂದೂವರೆ ಅಡಿ ಭಾಗಕ್ಕೆ ತೇವ ಹತ್ತಿರುತ್ತದೆ, ಗೆದ್ದಲು ಒಳಹೊಕ್ಕಿರುವುದೂ ಅಲ್ಲಿಂದಲೇ. ಸುತ್ತಿಗೆಯಿಂದ ತುದಿಯಿಂದ ತುದಿಗೆ ತಟ್ಟುತ್ತಾ ಹೋದರೆ ಗಟ್ಟಿಯಿರುವ ಕಡೆ ಶಬ್ದ ಖಣ್ಣೆಂದು ಕೇಳುತ್ತದೆ, ಟೊಳ್ಳಾದ ಕಡೆ ಮಂದವಾಗುತ್ತದೆ. ಅನುಮಾನವಿರುವಲ್ಲಿ ಸ್ಕ್ರೂಡ್ರೈವರಿನ ಮೊನೆಯನ್ನು ಒತ್ತಿದರೆ ಗೊತ್ತಾಗಿಬಿಡುತ್ತದೆ. ಕೆಟ್ಟ ತುದಿಗಳನ್ನು ಕೊಯ್ದು ಬಿಟ್ಟರೆ ನಡುವಿನ ಮರ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ನಮಗೆ ಬೇಕಾಗಿರುವುದೂ ಒಂದೊಂದು ಕಾಲಿಗೆ ಮೂರಡಿಗಿಂತ ಕಡಿಮೆ ಉದ್ದ.

ಎರಡನೆಯ ತೊಡಕು ಕಬ್ಬಿಣ. ಹಳೆಯ ತೊಲೆಯಲ್ಲಿ ತೊಟ್ಟಿಲು ಕಟ್ಟಿದ ಕೊಂಡಿಯಿಂದ ಹಿಡಿದು ಕ್ಯಾಲೆಂಡರಿನ ಮೊಳೆಯವರೆಗೆ ಏನೇನೋ ಉಳಿದಿರುತ್ತವೆ, ತಲೆ ಮುರಿದ ಮೊಳೆಗಳು ಕಣ್ಣಿಗೆ ಕಾಣುವುದಿಲ್ಲ. ಹಳೆಯ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವೊಂದನ್ನು ದಾರಕ್ಕೆ ಕಟ್ಟಿ, ತೊಲೆಯ ನಾಲ್ಕೂ ಮುಖಗಳ ಮೇಲೆ ಒಂದಂಗುಲವೂ ಬಿಡದಂತೆ ನಿಧಾನವಾಗಿ ಆಡಿಸಬೇಕು. ಮೊಳೆಯಿರುವ ಕಡೆ ಅದು ವಾಲುತ್ತದೆ. ಮೊಳೆ ತೆಗೆಯದ ಮರವನ್ನು ಸಾಮಿಲ್ಲಿನವರು ಯಂತ್ರಕ್ಕೆ ಹಚ್ಚಲು ಒಪ್ಪುವುದಿಲ್ಲ. ಅವರ ಪಟ್ಟಿ ಗರಗಸದ ಹಲ್ಲುಗಳು ಒಂದು ಮೊಳೆಗೆ ಹಾಳಾಗುತ್ತವಾದ್ದರಿಂದ ಅವರ ಹಿಂಜರಿಕೆ ನ್ಯಾಯವಾದುದೇ. ಮೇಲ್ಮೈಗೆ ಅಂಟಿದ ಮಣ್ಣು ಮತ್ತು ಮರಳಿನ ಕಣಗಳೂ ಹತ್ತರಿಯ ಅಲಗಿಗೆ ಅಷ್ಟೇ ಶತ್ರು, ಆದ್ದರಿಂದ ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆಯದೆ ಹತ್ತರಿ ಹಚ್ಚಬಾರದು. ಅಡುಗೆಮನೆಯ ಮೇಲಿದ್ದ ತೊಲೆಯಾದರೆ ಒಲೆಯ ಹೊಗೆಯಿಂದ ಇದ್ದಿಲಿನಂತೆ ಕಪ್ಪಾಗಿರುತ್ತದೆ. ಮೊದಲ ಕೆಲವು ಎಳೆತಗಳಿಗೆ ಕಪ್ಪು ಪುಡಿ ಮಾತ್ರ ಉದುರುತ್ತದೆ. ಆಮೇಲೆ ಸುರುಳಿ ಸುರುಳಿಯಾಗಿ ಹೆರೆ ಬರತೊಡಗಿದಾಗ, ಅದು ಹೊನ್ನೆಯಾಗಿದ್ದರೆ, ಕಂದು ಗೆರೆಗಳ ಹೊಂಬಣ್ಣ ಕೆಳಗಿನಿಂದ ತೆರೆದುಕೊಳ್ಳುತ್ತದೆ. ಒದ್ದೆ ಕೈ ತಗಲಿದರೆ ಅದರ ಹಳದಿ ಕೈಗೂ ಹತ್ತುತ್ತದೆ.

ಹೊಸ ಮರ ಕೊಳ್ಳುವುದಾದರೆ

ಅಂಗಡಿಯಲ್ಲಿ ಮೊದಲು ತೋರಿಸುವುದು ತೇಗವನ್ನು. ಅದು ಕಡಿಮೆ ಕುಗ್ಗುತ್ತದೆ, ಗೆದ್ದಲಿಗೆ ಜಗ್ಗುವುದಿಲ್ಲ, ಉಳಿಗೂ ಒಗ್ಗುತ್ತದೆ. ಆದರೂ ಪೆಟ್ಟು ತಿನ್ನುವುದಕ್ಕೆಂದೇ ಇರುವ ಮೇಜಿಗೆ ಅಷ್ಟು ಬೆಲೆಯ ಮರವನ್ನು ಹಾಕುವುದು ನನಗೆ ಸರಿಕಾಣುವುದಿಲ್ಲ. ಆ ಮರವನ್ನು ಮುಂದೆ ಮಾಡುವ ಕಪಾಟಿಗೋ ಮಂಚಕ್ಕೋ ಎತ್ತಿಡುವುದು ಮೇಲು. ಕರಿಜಾಲಿ ಇದಕ್ಕೆ ವಿರುದ್ಧವಾದ ಗುಣದ್ದು. ಗಾಡಿ ಚಕ್ರದ ನಡುವಿನ ಗುಂಬಕ್ಕೆ ಬಳಸುತ್ತಿದ್ದ ಈ ಮರ ಗಟ್ಟಿ, ಭಾರ, ಅಗ್ಗ. ಕಾಲುಗಳಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ನೇರವಾದ ಉದ್ದ ತುಂಡು ಸಿಗುವುದು ಕಷ್ಟ, ಒಣಗಿದ ಮೇಲೆ ಕೈಗರಗಸಕ್ಕೆ ಬಹಳ ಬಿಗಿ. ಆದ್ದರಿಂದ ಅಳತೆಗೆ ಸರಿಯಾಗಿ ಸಾಮಿಲ್ಲಿನಲ್ಲಿಯೇ ಕೊಯ್ಸಿಕೊಂಡು ಬರಬೇಕು. ಬೇವು ನಡುವಣ ಆಯ್ಕೆ: ಹೊಲದ ಬದುಗಳಲ್ಲಿ ಬೆಳೆಯುವುದರಿಂದ ಸುಲಭವಾಗಿ ಸಿಗುತ್ತದೆ, ಹುಳ ಹಿಡಿಯುವುದು ಕಡಿಮೆ, ತೂಕವೂ ಇದೆ, ನಾರು ಹೆಣೆದುಕೊಂಡಿರುವುದರಿಂದ ಹತ್ತರಿ ಹೊಡೆಯುವಾಗ ಅಲ್ಲಲ್ಲಿ ಕಿತ್ತುಬರುತ್ತದೆಂಬುದೊಂದೇ ಕೊರತೆ.

ಚಿಕ್ಕಮಗಳೂರಿನ ಕಾಫಿ ತೋಟಗಳ ಕಡೆಯಿಂದ ಬರುವ ಸಿಲ್ವರ್ ಓಕ್ ಹಗುರ, ನೇರ, ಕೆಲಸಕ್ಕೆ ಸಲೀಸು. ಗೆದ್ದಲಿರುವ ನೆಲದ ಮೇಲೆ ಮಾತ್ರ ನೇರವಾಗಿ ನಿಲ್ಲಿಸಬಾರದು. ಮಾವಿನ ಮರ ಅಗ್ಗವಾದರೂ ಬೇಗ ಹುಳ ಹಿಡಿಯುತ್ತದೆ. ನೀಲಗಿರಿ ಒಣಗುವಾಗ ಸೀಳಿ, ತಿರುಚಿ ತೊಂದರೆ ಕೊಡುವುದರಿಂದ ಮೇಲ್ಹಲಗೆಗೆ ಬೇಡ. ಯಂತ್ರಗಳನ್ನು ತುಂಬಿ ತಂದ ಪೈನ್ ಮರದ ಪೆಟ್ಟಿಗೆ ಮತ್ತು ಪ್ಯಾಲೆಟ್‌ಗಳು ಗುಜರಿಯಲ್ಲಿ ಸಿಕ್ಕರೆ ಅಡ್ಡಪಟ್ಟಿಗಳಿಗೆ ಆದೀತು, ಆದರೆ ಅದರ ಮೇಲಿನ ಮುದ್ರೆಯನ್ನು ಓದಬೇಕು: ‘ಎಚ್‌ಟಿ’ ಎಂದಿದ್ದರೆ ಬಿಸಿಯಿಂದ ಹದಮಾಡಿದ್ದು, ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು. ಎರಡನೆಯದನ್ನು ಮನೆಗೆ ತರಬಾರದು.

ಸ್ವಂತ ಹೊಲದ ಮರವನ್ನು ಕಡಿಸಲು ಯೋಚಿಸುವವರು, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಬಹುತೇಕ ಜಾತಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದನ್ನು ನೆನಪಿಡಬೇಕು. ಅಂಗಡಿಯಲ್ಲಿ ಕೊಂಡರೆ ರಸೀದಿ ಪಡೆಯಬೇಕು.

ಮರದ ವ್ಯಾಪಾರ ಸಿಎಫ್‌ಟಿ (ಘನ ಅಡಿ) ಲೆಕ್ಕದಲ್ಲಿ ನಡೆಯುವುದರಿಂದ, ಅಂಗಡಿಗೆ ಹೋಗುವ ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಇಂಚಿನಲ್ಲಿ ಅಗಲ, ಇಂಚಿನಲ್ಲಿ ದಪ್ಪ, ಅಡಿಯಲ್ಲಿ ಉದ್ದ, ಈ ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಸಿಎಫ್‌ಟಿ ಸಿಗುತ್ತದೆ. ಐದಡಿ ಉದ್ದ, ಎರಡಡಿ ಅಗಲದ ಮೇಜಿಗೆ 4×4 ಇಂಚಿನ, 32 ಇಂಚು ಉದ್ದದ ನಾಲ್ಕು ಕಾಲುಗಳಿಗೆ ಸುಮಾರು 1.2 ಸಿಎಫ್‌ಟಿ, ಮೇಲೂ ಕೆಳಗೂ ಸುತ್ತುವ 4×2 ಇಂಚಿನ ಅಡ್ಡಪಟ್ಟಿಗಳಿಗೆ ಸುಮಾರು 1.3, ಮೂರಿಂಚು ದಪ್ಪದ ಮೇಲ್ಹಲಗೆಗೆ 2.5 ಬೇಕು. ಒಟ್ಟು 5, ಕೊಯ್ತ ಮತ್ತು ಹತ್ತರಿಗೆ ಹೋಗುವುದನ್ನು ಸೇರಿಸಿದರೆ 6. ಅಂದರೆ ಮರದ ಅರ್ಧ ಭಾಗ ಮೇಲ್ಹಲಗೆಗೇ ಹೋಗುತ್ತದೆ, ಖರ್ಚಿನ ಅರ್ಧವೂ ಅಲ್ಲಿಯೇ.

ಮೇಲ್ಭಾಗಕ್ಕೆ ಹಲಗೆಯೋ ಪ್ಲೈವುಡ್ಡೋ?

ಹೊಸಬರು ಇಡೀ ಮೇಲ್ಭಾಗವನ್ನು ಗಟ್ಟಿ ಮರದಲ್ಲಿ ಮಾಡಲು ಹೋಗಬಾರದೆಂದು ನಾನು ಹೇಳುವುದಕ್ಕೆ ಖರ್ಚಿಗಿಂತ ದೊಡ್ಡ ಕಾರಣವಿದೆ. ಹಲಗೆಗಳ ಅಂಚುಗಳನ್ನು ಕೂದಲೆಳೆಯೂ ನುಸುಳದಂತೆ ಹತ್ತರಿ ಹೊಡೆದು, ಫೆವಿಕಾಲ್ ಹಚ್ಚಿ, ಐದಾರು ಕ್ಲ್ಯಾಂಪುಗಳಲ್ಲಿ ಬಿಗಿದು, ಆಮೇಲೆ ಇಡೀ ಮುಖವನ್ನು ಸಮತಟ್ಟು ಮಾಡಬೇಕು. ಈ ಕೆಲಸ ಮಾಡಲು ಬೇಕಾಗುವುದೇ ಒಂದು ಒಳ್ಳೆಯ ಮೇಜು! ಮೇಜಿಲ್ಲದವರು ಮೇಜಿನ ಅತ್ಯಂತ ಕಷ್ಟದ ಭಾಗವನ್ನು ಮೊದಲು ಮಾಡಬೇಕಾದ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತಾರೆ.

ಇನ್ನೊಂದು ಕಾರಣ ನಮ್ಮ ಹವೆ. ಶಿವಮೊಗ್ಗ, ಭದ್ರಾವತಿ ಕಡೆಯ ತಂಪಿನಲ್ಲಿ ಒಟ್ಟಿದ್ದ ಹಲಗೆಯನ್ನು ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಯ ಬೇಸಿಗೆಗೆ ತಂದರೆ ಅದರೊಳಗಿನ ತೇವ ಬೇಗನೆ ಆರುತ್ತದೆ. ಮರ ಉದ್ದಕ್ಕೆ ಕುಗ್ಗುವುದು ಗಮನಕ್ಕೆ ಬಾರದಷ್ಟು ಕಡಿಮೆ, ಅಗಲಕ್ಕೆ ಕುಗ್ಗುವುದು ಹೆಚ್ಚು. ಕಡಿಮೆ ಕುಗ್ಗುವ ತೇಗವೇ ಆದರೂ ತೇವಾಂಶ ಶೇ. 5ರಷ್ಟು ಬದಲಾದರೆ ಎರಡಡಿ ಅಗಲದಲ್ಲಿ ಸುಮಾರು ಕಾಲಿಂಚು ವ್ಯತ್ಯಾಸ ಬರುತ್ತದೆ. ಬೇರೆ ಮರಗಳಲ್ಲಿ ಇದು ಇನ್ನೂ ಹೆಚ್ಚು. ಮೇಲ್ಹಲಗೆಯನ್ನು ಅಲುಗದಂತೆ ಸ್ಕ್ರೂ ಬಿಗಿದಿದ್ದರೆ ಅದು ಸೀಳುತ್ತದೆ. ಆದ್ದರಿಂದ ಗಟ್ಟಿ ಮರ ಬಳಸುವವರು ಹಿಂಬದಿಯ ಸ್ಕ್ರೂಗಳಿಗೆ ಉದ್ದನೆಯ ತೂತು ಕೊರೆದು ಮರ ಸರಿದಾಡಲು ಎಡೆ ಬಿಡಲೇಬೇಕು. ತೇವ ಅಳೆಯುವ ಮೀಟರ್ ಇಲ್ಲದಿದ್ದರೂ ಮರ ಹದವಾಗಿದೆಯೇ ಎಂದು ತಿಳಿಯಬಹುದು. ಹಲಗೆಯ ಒಂದು ತುಂಡನ್ನು ವಾರಕ್ಕೊಮ್ಮೆ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಸಿ ಬರೆದಿಟ್ಟರೆ, ತೂಕ ಇಳಿಯುವುದು ನಿಂತ ವಾರ ಮರ ಈ ಊರಿನ ಗಾಳಿಗೆ ಒಗ್ಗಿದೆ ಎಂದರ್ಥ.

ಪ್ಲೈವುಡ್ಡಿನ ಪದರಗಳು ಒಂದಕ್ಕೊಂದು ಅಡ್ಡಡ್ಡವಾಗಿರುವುದರಿಂದ ಈ ಕುಗ್ಗು–ಹಿಗ್ಗು ಅದರಲ್ಲಿ ತೀರ ಕಡಿಮೆ, ಕಾರ್ಖಾನೆಯಿಂದಲೇ ಸಮತಟ್ಟಾಗಿ ಬಂದಿರುತ್ತದೆ. ಎಂಟಡಿ–ನಾಲ್ಕಡಿಯ 18 ಮಿ.ಮೀ. ಹಾಳೆ ಒಂದೇ ಸಾಕು. ಅದರಲ್ಲಿ ಐದಡಿ–ಎರಡಡಿಯ ಎರಡು ತುಂಡು ಬರುತ್ತವೆ. ಇವನ್ನು ಒಂದರ ಮೇಲೊಂದು ಅಂಟಿಸಿದರೆ 36 ಮಿ.ಮೀ. ದಪ್ಪವಾಯಿತು. ಉಳಿದ ನಾಲ್ಕಡಿ–ಮೂರಡಿ ಭಾಗವನ್ನು ಉದ್ದಕ್ಕೆ ಎರಡು ಮಾಡಿ, ಒಂದನ್ನು ಕಾಲುಗಳ ಚೌಕಟ್ಟಿನೊಳಗೆ ಕೂರುವಷ್ಟು ಕೊಯ್ದು ಮೇಲ್ಭಾಗದ ಕೆಳಗೆ ಮೂರನೆಯ ಪದರವಾಗಿ ಅಂಟಿಸಬಹುದು, ಇನ್ನೊಂದನ್ನು ಕೆಳಗಿನ ಅಟ್ಟಣೆಯಾಗಿ ಹಾಕಬಹುದು. ಅಂಟಿಸುವಾಗ ಕ್ಲ್ಯಾಂಪು ಕಡಿಮೆಯಿದ್ದರೆ ಕೆಳಗಿನಿಂದ ಸ್ಕ್ರೂ ಹಾಕಿ ಬಿಗಿದು, ಅಂಟು ಆರಿದ ಮೇಲೆ ಬಿಚ್ಚಬಹುದು. ಅಂಟಿಸುವ ನೆಲ ಸಮವಾಗಿರಬೇಕೆಂಬುದನ್ನು ಮಾತ್ರ ಮರೆಯಬಾರದು. ನೆಲ ಡೊಂಕಾಗಿದ್ದರೆ ಆ ಡೊಂಕೇ ಮೇಜಿನ ಮೇಲ್ಭಾಗದಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ಹಾಳೆ ಕೊಳ್ಳುವಾಗ ಐಎಸ್ (ಭಾರತೀಯ ಮಾನಕ) 303 ಗುರುತಿನ ಸಾಧಾರಣ ಪ್ಲೈ ಒಳಮನೆಗೆ ಸಾಕು; ಮಳೆಯ ಎರಚಲು ಬೀಳುವ ವರಾಂಡದಲ್ಲಿ ಇಡುವುದಾದರೆ ಅದರಲ್ಲೇ ನೀರು ತಡೆಯುವ ಬಿಡಬ್ಲ್ಯುಆರ್ ದರ್ಜೆಯದನ್ನು ಕೇಳಬೇಕು. ಐಎಸ್ 710 ಗುರುತಿನ ಮೆರೀನ್ ಪ್ಲೈಗೆ ಹಣ ಸುರಿಯುವ ಅಗತ್ಯವಿಲ್ಲ. ಗುರುತಿಗಿಂತ ಹೆಚ್ಚಾಗಿ ಹಾಳೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಬೇಕು: ಪದರಗಳ ನಡುವೆ ಖಾಲಿ ಸಂದುಗಳಿದ್ದರೆ, ಗೆಣ್ಣಿನಿಂದ ತಟ್ಟಿದಾಗ ನಡುವೆ ಟೊಳ್ಳು ಶಬ್ದ ಬಂದರೆ ಬೇರೆ ಹಾಳೆ ತೆಗೆಸಬೇಕು. ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಎಂಡಿಎಫ್ ಸಮತಟ್ಟಾಗಿಯೂ ಭಾರವಾಗಿಯೂ ಇರುತ್ತದೆ, ಆದರೆ ನೀರು ಬಿದ್ದರೆ ಉಬ್ಬುತ್ತದೆ, ಅಂಚು ಉದುರುತ್ತದೆ. ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ.

ಕಬ್ಬಿಣದ ಚೌಕಟ್ಟು

ದಾವಣಗೆರೆ, ಹರಿಹರಗಳಲ್ಲಿ ವೆಲ್ಡಿಂಗ್ ಅಂಗಡಿಗಳಿಗೆ ಬರವಿಲ್ಲ. ಲೇತ್ ಯಂತ್ರಗಳನ್ನು ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇದ್ದ ಹರಿಹರದಲ್ಲಿ ಕಬ್ಬಿಣದ ಕೆಲಸ ಬಲ್ಲ ಕೈಗಳನ್ನು ಹುಡುಕಬೇಕಾಗಿಲ್ಲ. ಎರಡಿಂಚಿನ ಚೌಕ ಪೈಪು, 2.5 ಮಿ.ಮೀ. ದಪ್ಪದ್ದು, ಮೀಟರಿಗೆ ಸುಮಾರು 3.7 ಕಿಲೋ ತೂಗುತ್ತದೆ. ನಮ್ಮ ಅಳತೆಯ ಮೇಜಿಗೆ ಹತ್ತೂವರೆ ಮೀಟರ್ ಬೇಕಾಗುವುದರಿಂದ ಚೌಕಟ್ಟು 40 ಕಿಲೋ ಹತ್ತಿರ ಬರುತ್ತದೆ. ಪ್ಲೈ ಸೇರಿದರೆ 75. ಹಳೆಯ ತೊಲೆ ಮತ್ತು ಪ್ಲೈನ ಮೇಜು 85ರ ಆಸುಪಾಸಿನಲ್ಲಿ ತೂಗಿದರೆ, ಪೂರ್ತಿ ಗಟ್ಟಿ ಮರದ್ದು ನೂರು ಕಿಲೋ ದಾಟುತ್ತದೆ.

ಸರಿಯಾಗಿ ಬೆಸೆದ ಕಬ್ಬಿಣದ ಚೌಕಟ್ಟು ವಾಲಾಡುವುದಿಲ್ಲ, ಗೆದ್ದಲಿಗೆ ಹೆದರುವುದಿಲ್ಲ, ಒಂದೇ ದಿನದಲ್ಲಿ ಸಿದ್ಧವಾಗುತ್ತದೆ. ಕೈಯಲ್ಲಿ ಹಿಡಿಯುವ ವಿದ್ಯುತ್ ಗರಗಸ, ಡ್ರಿಲ್, ಸ್ಯಾಂಡರ್‌ಗಳಿಂದಲೇ ಹೆಚ್ಚಿನ ಕೆಲಸ ಮಾಡುವವರಿಗೆ ನಾನು ಹಿಂಜರಿಯದೆ ಇದನ್ನು ಸೂಚಿಸುತ್ತೇನೆ. ಆದರೆ ಪೈಪಿನ ಕಾಲು ಉಳಿಯ ಪೆಟ್ಟಿಗೆ ಮೊಳಗುತ್ತದೆ, ಹಗುರವಾದ್ದರಿಂದ ಹತ್ತರಿಯ ತಳ್ಳುವಿಕೆಗೆ ನಯವಾದ ಟೈಲ್ಸಿನ ಮೇಲೆ ಜಾರುತ್ತದೆ. ಕೆಳಗಿನ ಅಟ್ಟಣೆಯಲ್ಲಿ ನಾಲ್ಕಡಿ–ಒಂದೂವರೆ ಅಡಿಯ ಕಡಪ ಕಲ್ಲು ಹಾಸಿದರೆ ಮೂವತ್ತು ಕಿಲೋ ಕೂಡುತ್ತದೆ, ಜಾರುವುದು ಬಹುಮಟ್ಟಿಗೆ ನಿಲ್ಲುತ್ತದೆ. ಇನ್ನೊಂದು ಮಾತನ್ನೂ ಹೇಳಬೇಕು: ಬೇರೆಯವರು ಬೆಸೆದುಕೊಟ್ಟ ಚೌಕಟ್ಟಿನಿಂದ ಮರದ ಜೋಡಣೆ ಕಲಿತಂತಾಗುವುದಿಲ್ಲ. ಮೇಜನ್ನೇ ಮೊದಲ ಪಾಠವಾಗಿ ಮಾಡಿಕೊಳ್ಳುವ ಆಸೆಯಿರುವವರು ಮರದ ಕಾಲುಗಳಿಗೇ ಬರಬೇಕು.

ಅಂಗಡಿಯಲ್ಲಿ ಸಿಗುವ ಮಡಚುವ ಸಿದ್ಧ ಬೆಂಚುಗಳು ಡ್ರಿಲ್ ಮಾಡಲು, ತುಂಡು ಕೊಯ್ಯಲು ಅನುಕೂಲ; ಹತ್ತರಿಗೆ ಅವು ನಿಲ್ಲವು.

ಜೋಡಣೆ

ಹತ್ತರಿ ತಳ್ಳುವಾಗ ಮೇಜಿನ ಉದ್ದಕ್ಕೆ ಬೀಳುವ ಬಲವೇ ಅದನ್ನು ಕಾಲಕ್ರಮೇಣ ಸಡಿಲಗೊಳಿಸುತ್ತದೆ. ಆದ್ದರಿಂದ ಉದ್ದದ ಅಡ್ಡಪಟ್ಟಿಗಳು ಅಗಲವಾಗಿರಬೇಕು. ನಾಲ್ಕಿಂಚಿನದಕ್ಕಿಂತ ಆರಿಂಚಿನ ಪಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು. ಕಾಲಿಗೆ ಚೌಕದ ತೂತು ಕೊರೆದು, ಪಟ್ಟಿಯ ತುದಿಯನ್ನು ನಾಲಿಗೆಯಾಗಿ ಸವರಿ ಕೂರಿಸುವುದು ಆಚಾರ್ರ ಪದ್ಧತಿ. ಅದಕ್ಕಿಂತ ಬಲವಾದ ಮರದ ಕಟ್ಟು ಇಲ್ಲ, ಆದರೆ ಹದಿನಾರು ತೂತುಗಳನ್ನು ಗಟ್ಟಿ ಜಾಲಿಯಲ್ಲಿ ಕೊರೆಯುವುದು ಹೊಸಬರ ತಾಳ್ಮೆಯನ್ನು ಕಠಿಣವಾಗಿ ಪರೀಕ್ಷಿಸುತ್ತದೆ.

ಹೊಸಬರಿಗೆ ಸುಲಭವಾದ ಉಪಾಯವೆಂದರೆ ಕಾಲನ್ನು ಒಂದೇ ತುಂಡಿನಲ್ಲಿ ಮಾಡದೆ, 4×2 ಇಂಚಿನ ಎರಡು ಪದರಗಳನ್ನು ಅಂಟಿಸಿ ಮಾಡುವುದು. ಒಳಪದರವನ್ನು ಪಟ್ಟಿಗಳು ಬರುವ ಜಾಗದಲ್ಲಿ ಬಿಟ್ಟು ಬಿಟ್ಟು ತುಂಡುಗಳಾಗಿ ಅಂಟಿಸಿದರೆ ಪಟ್ಟಿ ಕೂರುವ ಕಚ್ಚು ಉಳಿಯ ಕೆಲಸವಿಲ್ಲದೆ ತಾನಾಗಿ ಸಿದ್ಧವಾಗುತ್ತದೆ. ಅಗಲದ ಕಡೆಯ ಗಿಡ್ಡ ಪಟ್ಟಿಗಳನ್ನು ಹೀಗೆ ಅಂಟಿಸಿ ಎರಡು ಬದಿಯ ಚೌಕಟ್ಟುಗಳನ್ನು ಕಾಯಂ ಮಾಡಿ, ಉದ್ದದ ಪಟ್ಟಿಗಳನ್ನು ಮಾತ್ರ 10 ಮಿ.ಮೀ. ಬೋಲ್ಟುಗಳಿಂದ ಬಿಗಿಯಬೇಕು. ಪ್ರತಿ ಜೋಡಣೆಗೆ ಎರಡು ಬೋಲ್ಟು, ಒಳಗೆ ಅಗಲವಾದ ವಾಷರ್. ಮೊದಲ ಬೇಸಿಗೆಯಲ್ಲಿ ಮರ ಸ್ವಲ್ಪ ಕುಗ್ಗಿ ಸಡಿಲವಾದಾಗ ಸ್ಪ್ಯಾನರಿನ ಅರ್ಧ ಸುತ್ತು ಸಾಕು. ಅಂಟಿನ ಕಟ್ಟಿಗೆ ಈ ಅವಕಾಶವಿಲ್ಲ. ಮನೆ ಬದಲಾಯಿಸುವಾಗ ಬಿಚ್ಚಿ, ಕಿರಿದಾದ ಮೆಟ್ಟಿಲಿನಲ್ಲೂ ಇಳಿಸಬಹುದು. ಮೊಳೆಯನ್ನಷ್ಟೇ ನಂಬಿ ಕಟ್ಟಿದ ಮೇಜು ವರ್ಷದೊಳಗೆ ಅಲುಗಾಡುತ್ತದೆ.

ಮೂಲೆಗಳನ್ನು ಮೂಲೆಮಟ್ಟದಿಂದ ನೋಡಿದರೆ ಸಾಲದು, ಅಷ್ಟು ಚಿಕ್ಕ ಉಪಕರಣಕ್ಕೆ ಐದಡಿ ಉದ್ದದ ತಪ್ಪು ಕಾಣುವುದಿಲ್ಲ. ಗಾರೆ ಕೆಲಸದವರು ಪಾಯ ಗುರುತು ಮಾಡುವಾಗ ಹಿಡಿಯುವ 3–4–5ರ ಲೆಕ್ಕವನ್ನೇ ಇಲ್ಲೂ ಹಿಡಿಯಬಹುದು, ಇಲ್ಲವೇ ಎದುರುಬದುರು ಮೂಲೆಗಳ ನಡುವೆ ಟೇಪು ಹಿಡಿದು ಎರಡೂ ಅಳತೆ ಒಂದೇ ಬರುವಂತೆ ಸರಿಪಡಿಸಿ ಬೋಲ್ಟು ಬಿಗಿಯಬಹುದು.

ಎತ್ತರ, ಜಾಗ, ಹಿಡಿತ

ನೇರವಾಗಿ ನಿಂತು ಕೈಗಳನ್ನು ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದು ಎಲ್ಲ ಕೆಲಸಕ್ಕೂ ಹೊಂದುವ ನಡುವಣ ಎತ್ತರ. ಐದೂವರೆ ಅಡಿ ಎತ್ತರದವರಿಗೆ ಸುಮಾರು 32–33 ಇಂಚು. ಹತ್ತರಿಯ ಕೆಲಸ ಹೆಚ್ಚಿದ್ದರೆ ಎರಡು ಇಂಚು ಇಳಿಸಬೇಕು, ಏಕೆಂದರೆ ಅಲ್ಲಿ ಮೈಭಾರ ಮೇಲಿನಿಂದ ಬೀಳಬೇಕು. ಸಣ್ಣ ಗರಗಸ, ಗುರುತು ಹಾಕುವ ಕೆಲಸ ಹೆಚ್ಚಿದ್ದರೆ ಏರಿಸಬಹುದು. ಅನುಮಾನವಿದ್ದರೆ ಒಂದಿಂಚು ಹೆಚ್ಚೇ ಇಡುವುದು ಕ್ಷೇಮ. ಕಾಲನ್ನು ಆಮೇಲೆ ಕೊಯ್ಯಬಹುದು. ಮುಂದಿನ ಎರಡು ಕಾಲುಗಳ ಹೊರಮುಖವು ಮೇಲ್ಭಾಗದ ಮುಂದಿನ ಅಂಚಿಗೆ ಸಮನಾಗಿರಬೇಕೆಂಬುದು ಅನೇಕರು ಗಮನಿಸದ ವಿಷಯ. ಸಮನಾಗಿದ್ದರೆ ಏಳಡಿ ಬಾಗಿಲಿನ ಪಟ್ಟಿಯನ್ನೂ ಕಾಲಿಗೆ ಒರಗಿಸಿ ಕ್ಲ್ಯಾಂಪು ಹಾಕಿ ಅಂಚು ಸವರಬಹುದು. ಊಟದ ಮೇಜಿನಂತೆ ಮೇಲ್ಭಾಗ ಮುಂದೆ ಚಾಚಿದ್ದರೆ ಈ ಅನುಕೂಲ ತಪ್ಪುತ್ತದೆ.

ಮರವನ್ನು ಬಾಯಲ್ಲಿ ಬಿಗಿದು ಹಿಡಿಯುವ ವೈಸನ್ನು ಮೊದಲ ದಿನವೇ ಕೊಳ್ಳಬೇಕೆಂದಿಲ್ಲ. ಮೆಕ್ಯಾನಿಕ್ ಅಂಗಡಿಯಲ್ಲಿ ಕಾಣುವ ಹಲ್ಲಿನ ಬಾಯಿಯ ವೈಸು ಮರವನ್ನು ಕಚ್ಚಿ ಗಾಯ ಮಾಡುತ್ತದೆ. ಮರಗೆಲಸದ ವೈಸಿನ ಬಾಯಿ ಅಗಲ, ನಯ, ಅದಕ್ಕೆ ಮರದ ಪಟ್ಟಿ ಹಚ್ಚಿ ಬಳಸುತ್ತಾರೆ. ಅದನ್ನು ಕೊಳ್ಳುವವರೆಗೆ, ಮೇಲ್ಭಾಗದ ಎಡತುದಿಯಲ್ಲಿ ಅರ್ಧ ಇಂಚು ದಪ್ಪದ ಪಟ್ಟಿಯೊಂದನ್ನು ತಡೆಯಾಗಿ ಸ್ಕ್ರೂ ಮಾಡಿದರೆ ಹಲಗೆಯನ್ನು ಅದಕ್ಕೆ ತಾಗಿಸಿ ಹತ್ತರಿ ಹೊಡೆಯಬಹುದು. ಎಡಗೈಯವರು ಬಲತುದಿಗೆ ಹಾಕಿಕೊಳ್ಳಬೇಕು. ಮುಕ್ಕಾಲು ಇಂಚಿನ ಕೆಲವು ತೂತುಗಳನ್ನು ಕೊರೆದು, ಕಮ್ಮಾರರ ಹತ್ತಿರ ಬಾಗಿಸಿದ ಸರಳಿನ ಕೊಕ್ಕೆಯನ್ನು ಅದರೊಳಗೆ ಸುತ್ತಿಗೆಯಿಂದ ತಟ್ಟಿ ಇಳಿಸಿದರೆ ಅದು ಹಲಗೆಯನ್ನು ಬಿಗಿಯಾಗಿ ಅದುಮಿ ಹಿಡಿಯುತ್ತದೆ. ಸರಳಿನ ದಪ್ಪ ತೂತಿಗಿಂತ ಸ್ವಲ್ಪ ಕಡಿಮೆಯಿರಬೇಕು. ಮೇಲ್ಭಾಗ ಮೂರು ಪದರವಿರುವ ಕಡೆ ಕೊಕ್ಕೆಯ ಹಿಡಿತ ಹೆಚ್ಚು.

ಕಾಲುಗಳ ಕೆಳಗೆ ಕಡಪ ಕಲ್ಲಿನ ತುಂಡು ಅಥವಾ ದಪ್ಪ ರಬ್ಬರ್ ಇಟ್ಟರೆ ನೆಲ ತೊಳೆದ ನೀರೂ ಗೆದ್ದಲೂ ಮರಕ್ಕೆ ಹತ್ತುವುದಿಲ್ಲ. ಮೇಲ್ಭಾಗಕ್ಕೆ ಹೊಳಪಿನ ಪಾಲಿಶ್ ಬೇಡ, ಅದು ಹಲಗೆ ಜಾರುವಂತೆ ಮಾಡುತ್ತದೆ. ಅಗಸೆ ಎಣ್ಣೆಯನ್ನು ತೆಳುವಾಗಿ ಒರೆಸಿ, ಹೆಚ್ಚಾದದ್ದನ್ನು ತೆಗೆದು, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ಒರೆಸಿದರೆ ಸಾಕು. ಚಳ್ಳಕೆರೆಯ ಶೇಂಗಾ ಎಣ್ಣೆ ಕೈಗೆ ಹತ್ತಿರವಿದೆಯೆಂದು ಅದನ್ನು ಹಚ್ಚಬಾರದು. ಅದು ಅಗಸೆ ಎಣ್ಣೆಯಂತೆ ಗಟ್ಟಿಯಾಗಿ ಒಣಗುವುದಿಲ್ಲ, ಜಿಡ್ಡಾಗಿಯೇ ಉಳಿದು ವಾಸನೆ ಹಿಡಿಯುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಳಗೇ ಬಿಸಿಯೇರಿ ತಾನಾಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಅದನ್ನು ಹಿತ್ತಲಿನ ತಂತಿಯ ಮೇಲೆ ಬಿಡಿಯಾಗಿ ಹರಡಿ, ಪೂರ್ತಿ ಒಣಗಿ ಬಿರುಸಾದ ಮೇಲಷ್ಟೇ ಕಸಕ್ಕೆ ಹಾಕಬೇಕು.